ಎಪ್ಪತ್ಮೂರನೇ ನಂಬರಿನ ಕಾಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಹರಿದ ಅಂಗಿ. ಅದು ಹರಿದದ್ದು ಅಕ್ಟೋಬರಿನಲ್ಲಿ, ನೆಬ್ರಾಸ್ಕಾದ ಯಾವುದೋ ಮೈದಾನದಲ್ಲಿ. ಅದರ ಪೆಟ್ಟು ಬಿದ್ದದ್ದು ಜನವರಿಯಲ್ಲಿ, ಅಯೋವಾದ ಮಿಲ್ ಹಾಲೋ ಕಾಲೇಜಿನ ಲೈಲ್ ಥಾರ್ಸನ್ ಎಂಬ ಬಡಪಾಯಿಯ ಮೇಲೆ.

ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕದ ಫುಟ್‌ಬಾಲಿನಲ್ಲಿ ಎಲ್ಲರ ಕಣ್ಣೂ ಚೆಂಡಿನ ಹಿಂದೆಯೇ. ಎಸೆಯುವವನನ್ನು ನೋಡುತ್ತಾರೆ, ಹಿಡಿಯುವವನನ್ನು ನೋಡುತ್ತಾರೆ. ಎಸೆಯುವವನ ಮೈಮೇಲೆ ಯಾರೂ ಬೀಳದ ಹಾಗೆ ಮುಂದೆ ಗೋಡೆ ಕಟ್ಟಿ ನಿಲ್ಲುತ್ತಾರಲ್ಲ ಐದು ಜನ ಲೈನ್‌ಮನ್‌ಗಳು, ಅವರನ್ನು ಹೆತ್ತ ತಾಯಿಯೂ ನೋಡುವುದಿಲ್ಲ. ಲೈಲ್ ಮಾತ್ರ ನೋಡುತ್ತಿದ್ದ. ಅವನ ಕೆಲಸವೇ ಅದು. ಬೇರೆ ಕಾಲೇಜು ಬಿಟ್ಟು ಬರುತ್ತೇವೆ ಎಂದು ಹೆಸರು ಕೊಟ್ಟ ಹುಡುಗರ ಆಟದ ವಿಡಿಯೋ ಹಾಕಿಕೊಂಡು, ಇವನನ್ನು ಕರೆಸಬಹುದು, ಇವನು ಬೇಡ ಎಂದು ಬರೆಯಬೇಕು. ಜಿಮ್ಮಿನ ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಬರೀ ಕಾಲು ನೋಡಿದ್ದ. ಮುಖ ನೋಡಿದವನಲ್ಲ, ಹೆಲ್ಮೆಟ್ಟಿನೊಳಗೆ ಮುಖ ಎಲ್ಲಿ ಕಾಣಬೇಕು?

ಅವನ ಮೇಜಿನ ಡ್ರಾಯರಿನಲ್ಲಿ ಒಂದು ವಿಸಿಲ್ ಇತ್ತು. ಕೆಲಸಕ್ಕೆ ಸೇರಿದ ವಾರವೇ ಕೊಂಡದ್ದು, ಒಂದು ಸಲವೂ ಊದಿದ್ದಲ್ಲ. ಇದೇ ಕಾಲೇಜಿಗೆ ಒಂದು ಕಾಲದಲ್ಲಿ ಆಡಲು ಬಂದಿದ್ದವನು ಅವನು. ಎರಡನೇ ಪಂದ್ಯದಲ್ಲೇ ಮೊಣಕಾಲು ತಿರುಗಿ ಆಟ ಮುಗಿದಿತ್ತು. ಅಂದಿನಿಂದ ಒಂದೇ ಆಸೆ: ಎದುರಿಗೆ ಐದು ಹುಡುಗರು, ಕೊರಳಲ್ಲಿ ವಿಸಿಲ್, ಕಾಲ ಕೆಳಗೆ ಮೈದಾನ. ಆಸೆ ಎಷ್ಟಿತ್ತೆಂದರೆ, ಅಂಗಡಿಯಲ್ಲಿ ಸಾಮಾನಿನ ಗಾಡಿ ತಳ್ಳುವಾಗಲೂ ಮುಂದಿದ್ದವರನ್ನು ನೋಡಿ, ಲೈನಿನ ಹುಡುಗರಿಗೆ ಹೇಳುವ ಹಾಗೆ, "ಸೊಂಟ ತಗ್ಗಿಸು, ಸೊಂಟ ತಗ್ಗಿಸು" ಎಂದು ಗೊಣಗುತ್ತಿದ್ದ. ಒಮ್ಮೆ ಪಾದ್ರಿಯ ಹೆಂಡತಿಯ ಹಿಂದೆ ನಿಂತು ಗೊಣಗಿದ್ದು ಊರಿಗೇ ಗೊತ್ತು.

ಕ್ರಿಸ್‌ಮಸ್ ಕಳೆದ ಮೇಲೆ ಆ ಐದು ಜನರನ್ನು ಪಳಗಿಸುವ ಲೈನ್ ಕೋಚ್ ದೊಡ್ಡ ಕಾಲೇಜಿಗೆ ಹಾರಿಹೋದ. ಜಾಗ ಖಾಲಿ ಬಿತ್ತು. ಅಷ್ಟರಲ್ಲೇ ಲೈಲನ ಕಣ್ಣಿಗೆ ಎಪ್ಪತ್ಮೂರನೇ ನಂಬರಿನ ಅಂಗಿ ಬಿತ್ತು.

ಆಹಾ, ಏನು ಕಾಲು! ಕುದಿಯುವ ಸಾರಿನ ಪಾತ್ರೆ ಹಿಡಿದುಕೊಂಡು ನಡೆಯುವವರ ಹಾಗೆ ಸಣ್ಣಸಣ್ಣ ಹೆಜ್ಜೆ. ಒಂದಕ್ಕೊಂದು ತೊಡರುವ ಮಾತೇ ಇಲ್ಲ. ಪ್ರತಿ ಸಲ ನಿಲ್ಲುವ ಮುಂಚೆ ಬಲಗಾಲಿನ ಬೂಟನ್ನು ಎಡಗಾಲಿನ ಮೀನಖಂಡಕ್ಕೆ ಎರಡು ಸಲ ಒರೆಸಿಕೊಳ್ಳುತ್ತಿದ್ದ, ಯಾರದೋ ಮನೆಗೆ ಹೋಗುವವನ ಹಾಗೆ. ಅಕ್ಟೋಬರಿನ ಮೂರು ಪಂದ್ಯದ ವಿಡಿಯೋವನ್ನು ಲೈಲ್ ಮೂರು ವಾರ ನೋಡಿದ. ತಂಡದ ಪಟ್ಟಿಯಲ್ಲಿ ಎಪ್ಪತ್ಮೂರರ ಮುಂದೆ ಹೆಸರಿತ್ತು: ಕೋಲ್ಟನ್ ರೀಸ್.

ಗುರುವಾರ ಬೆಳಿಗ್ಗೆ ಹೆಡ್ ಕೋಚ್ ಹಾರ್ಮ್ಸ್ ಲೈಲನನ್ನು ಒಳಗೆ ಕರೆದ. "ನಿನ್ನ ಎಪ್ಪತ್ಮೂರು ಇವತ್ತು ಬರ್ತಾ ಇದಾನೆ. ಊಟ ಹಾಕ್ಸಿ, ಊರು ತೋರ್ಸಿ, ಐದು ಗಂಟೆ ಒಳಗೆ ಇಲ್ಲಿ ಕೂರ್ಸಿ ಸೈನ್ ಹಾಕ್ಸು. ಐದಕ್ಕೆ ಕಚೇರಿ ಬಾಗ್ಲು ಹಾಕ್ತಾರೆ, ಆಮೇಲೆ ಈ ವರ್ಷಕ್ಕೆ ಮುಗೀತು."

"ಹಾಕ್ಸಿದ್ರೆ?" ಎಂದ ಲೈಲ್.

"ಹಾಕ್ಸಿದ್ರೆ ಸೋಮವಾರದಿಂದ ಆ ಐದು ಜನ ನಿನ್ನೋರು. ಸಾಕಾ?"

ಲೈಲ್ ಹೊರಗೆ ಬಂದವನೇ ಗೋಡೆ ಹಿಡಿದುಕೊಂಡು ನಿಂತ. ಕಚೇರಿಯ ಜೋಯ್ಸ್ ಟೈಪ್ ಮಾಡುತ್ತಿದ್ದವಳು ತಲೆಯೆತ್ತಿದಳು. ಈ ಕಾಲೇಜಿನಲ್ಲಿ ಅವಳಿಗೆ ತಿಳಿಯದ ಗುಟ್ಟು ಇಲ್ಲ, ಅವಳು ಇಟ್ಟುಕೊಂಡ ಗುಟ್ಟೂ ಇಲ್ಲ.

"ಏನ್ ಮಾರಾಯ, ವಿಸಿಲ್ ಹೊರಗೆ ಬರುತ್ತಾ ಈ ಸಲ?"

"ಯಾವ ವಿಸಿಲ್?"

"ಡ್ರಾಯರಲ್ಲಿರೋದು. ಊರಿಗೆಲ್ಲ ಗೊತ್ತು ಬಿಡು. ತೊಳ್ದು ಇಟ್ಕೋ, ಹತ್ತೊಂಬತ್ತು ವರ್ಷದ ಧೂಳು ಬಾಯಿಗೆ ಹೋದೀತು."

ಹನ್ನೆರಡೂವರೆಗೆ ಕಾಲೇಜಿನ ಎದುರಿನ ನಾರ್ಬರ್ಟನ ಹೋಟೆಲಿನ ಮುಂದೆ ಒಂದು ಹಳೇ ಪಿಕಪ್ ಬಂದು ನಿಂತಿತು. ಇಳಿದವನು ಬಾಗಿಲಿನಷ್ಟೇ ಅಗಲ. ಲೈಲನಿಗೆ ಆ ಹುಡುಗನನ್ನು ತಬ್ಬಿಕೊಳ್ಳಬೇಕೆನಿಸಿತು. ತಡೆದುಕೊಂಡು ಕೈ ಕುಲುಕಿದ.

"ಗಾಡಿ ಓಡಿಸ್ಕೊಂಡು ಬಂದೋರು ಯಾರು? ಅವ್ರನ್ನೂ ಕರಿ, ಊಟ ಮಾಡ್ಲಿ."

"ಎಜ್ರಾ ಅಂತ, ನನ್ನ ರೂಮ್‌ಮೇಟ್ ಸರ್," ಎಂದ ಕೋಲ್ಟನ್ ಸ್ವಲ್ಪ ಗಾಬರಿಯಲ್ಲಿ. "ಅವ್ನು ಬರಲ್ಲ ಸರ್. ನಾಚಿಕೆ ಸ್ವಭಾವ. ಸ್ಯಾಂಡ್‌ವಿಚ್ ಕಟ್ಕೊಂಡು ಬಂದಿದಾನೆ."

ನಾರ್ಬರ್ಟ್ ಹೋಟೆಲ್ ನಡೆಸುತ್ತಿದ್ದದ್ದು ನೆಪಕ್ಕೆ. ಅವನ ನಿಜವಾದ ಕಸುಬು ಕಾಲೇಜು ತಂಡಕ್ಕೆ ಬುದ್ಧಿ ಹೇಳುವುದು. ತಟ್ಟೆಯಷ್ಟು ದೊಡ್ಡ ಹಂದಿಮಾಂಸದ ಸ್ಯಾಂಡ್‌ವಿಚ್ ಎರಡು ತಂದಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ತಾನೂ ಕೂತ. ಜೇಬಿನಿಂದ ಅಳತೆ ಟೇಪು ತೆಗೆದು ಕೋಲ್ಟನ್‌ನ ಅಂಗೈ ಅಳೆದ, ತೋಳು ಅಳೆದ.

"ನಿಮ್ಮಮ್ಮ ಎಷ್ಟು ಎತ್ತರ ಕಣಪ್ಪಾ?"

"ನಾರ್ಬರ್ಟ್, ಹುಡುಗ ಊಟ ಮಾಡ್ಲಿ ಬಿಡೋ," ಎಂದ ಲೈಲ್.

"ನೀನು ಸುಮ್ನಿರು. ಕಾಲು ಕಾಲು ಅಂತ ಸಾಯ್ತೀಯ. ಲೈನ್‌ಮನ್‌ನ ಯೋಗ್ಯತೆ ಗೊತ್ತಾಗೋದು ಅವ್ನು ತಿನ್ನೋದರಲ್ಲಿ. ಇನ್ನೊಂದು ತರ್ಲಾ ಮಗಾ?"

ಕೋಲ್ಟನ್ ತಿನ್ನುವುದರಲ್ಲಿ ಯಾವ ಕೊರತೆಯೂ ಇರಲಿಲ್ಲ. ತೊಂದರೆ ಶುರುವಾದದ್ದು ಎದ್ದಾಗ. ಮೊದಲು ಕುರ್ಚಿಯ ಕಾಲಿಗೆ ಕಾಲು ಸಿಕ್ಕಿಸಿಕೊಂಡ. ಪಾಪ, ಹೊಟ್ಟೆ ಭಾರವಾಗಿದೆ, ಅಂದುಕೊಂಡ ಲೈಲ್. ಆಮೇಲೆ ಬಾಗಿಲ ಹೊಸ್ತಿಲಿಗೆ ಎಡವಿದ. ಜಾಗ ಹೊಸದು, ಅಂದುಕೊಂಡ ಲೈಲ್. ಹೊರಗೆ ಮಂಜುಗಡ್ಡೆಯ ಮೇಲೆ ಮೊದಲನೇ ಹೆಜ್ಜೆ ಇಟ್ಟದ್ದೇ, ಕೋಲ್ಟನ್‌ನ ಎರಡು ಕಾಲೂ ಎರಡು ಊರಿಗೆ ಹೊರಟವು. ಕಳಿಸಲು ಹಿಂದೆಯೇ ಬಂದಿದ್ದ ನಾರ್ಬರ್ಟನನ್ನು ಹಿಡಿದುಕೊಂಡ. ಇಬ್ಬರೂ ದೊಪ್ಪನೆ ಬಿದ್ದರು, ನಾರ್ಬರ್ಟ್ ಕೆಳಗೆ.

"ಅಯ್ಯಯ್ಯಪ್ಪಾ! ಸತ್ತೆ! ಎತ್ರೋ ಈ ಗುಡ್ಡಾನ!"

ಲೈಲ್ ಎತ್ತಲು ಹೋಗಿ ತಾನೂ ಜಾರಿ ಕೂತ. ಆಗ ಪಿಕಪ್ಪಿನ ಬಾಗಿಲು ತೆರೆಯಿತು. ಕೈಯಲ್ಲಿ ಅರ್ಧ ಸ್ಯಾಂಡ್‌ವಿಚ್ ಹಿಡಿದ ಒಬ್ಬ ದಪ್ಪ, ಮೌನಿ ಹುಡುಗ ಇಳಿದ. ಸ್ಯಾಂಡ್‌ವಿಚ್ಚನ್ನು ಬಾಯಲ್ಲಿ ಕಚ್ಚಿಕೊಂಡು ಮಂಜುಗಡ್ಡೆಯ ಮೇಲೆ ಬಂದ. ಸಣ್ಣಸಣ್ಣ ಹೆಜ್ಜೆ. ಒಂದಕ್ಕೊಂದು ತೊಡರುವ ಮಾತೇ ಇಲ್ಲ. ಕೋಲ್ಟನ್‌ನನ್ನು ಪಕ್ಕಕ್ಕೆ ಉರುಳಿಸಿ, ನಾರ್ಬರ್ಟನನ್ನು ಹಿಟ್ಟಿನ ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ಹೋಟೆಲಿನ ಬಾಗಿಲಿಗೆ ಹೋದ. ಒಳಗೆ ಕಾಲಿಡುವ ಮುಂಚೆ ನಿಂತ. ಬಲಗಾಲಿನ ಬೂಟನ್ನು ಎಡಗಾಲಿನ ಮೀನಖಂಡಕ್ಕೆ ಎರಡು ಸಲ ಒರೆಸಿಕೊಂಡ.

ಲೈಲ್ ಕೂತಲ್ಲೇ ಆ ಬೂಟನ್ನು ನೋಡಿದ, ಆಮೇಲೆ ಪಕ್ಕದಲ್ಲಿ ಬಿದ್ದಿದ್ದವನ ಬೂಟನ್ನು ನೋಡಿದ.

"ಕೋಲ್ಟನ್," ಎಂದ ಮೆಲ್ಲಗೆ. "ಅಕ್ಟೋಬರಿನ ಆ ಮೂರು ಪಂದ್ಯ ಆಡಿದ್ದು ಯಾರು?"

ಹುಡುಗನ ಮುಖ ಬಿಳುಚಿತು. "ಸರ್... ನನ್ನ ಭುಜಕ್ಕೆ ಪೆಟ್ಟಾಗಿತ್ತು. ಬೆಂಚಲ್ಲಿದ್ದ ಎಜ್ರಾನ ಇಳಿಸಿದ್ರು. ಮೊದಲನೇ ಡಿಕ್ಕಿಗೇ ಅವ್ನ ಅಂಗಿ ಕುತ್ತಿಗೆಯಿಂದ ಹೊಟ್ಟೆವರೆಗೂ ಹರಿದೋಯ್ತು. ಅವ್ನ ಅಳತೆಗೆ ಇದ್ದದ್ದು ನನ್ನ ಅಂಗಿ ಒಂದೇ. ಅವತ್ತು ಗೆದ್ವಿ. ಅದೃಷ್ಟದ ಅಂಗಿ, ಬಿಚ್ಬೇಡ ಅಂದ್ರು ಎಲ್ರೂ. ನನ್ನ ಭುಜ ವಾಸಿ ಆಗೋವರೆಗೂ ಬಿಚ್ಲಿಲ್ಲ. ಸರ್, ದಯವಿಟ್ಟು ಯಾರಿಗೂ ಹೇಳ್ಬೇಡಿ ಸರ್. ನಂಗೆ ಇನ್ನೆಲ್ಲೂ ಜಾಗ ಸಿಕ್ಕಿಲ್ಲ."

ಲೈಲ್ ಲೆಕ್ಕ ಹಾಕಿದ. ಹೇಳದಿದ್ದರೆ ಏನಾಗುತ್ತದೆ? ಸೋಮವಾರ ಮೈದಾನ. ಕೊರಳಲ್ಲಿ ವಿಸಿಲ್. ಕಾಲು ಸರಿಯಿಲ್ಲದ ಹುಡುಗನನ್ನು ತಾನೇ ತಿದ್ದಿಕೊಂಡರಾಯಿತು. ಹೇಳಿದರೆ? ಮತ್ತೆ ಮೆಟ್ಟಿಲ ಕೆಳಗೆ, ನಿವೃತ್ತಿಯವರೆಗೂ.

ನಾಲ್ಕೂವರೆಗೆ ಹಾರ್ಮ್ಸ್‌ನ ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ಕೋಲ್ಟನ್ ಪೆನ್ನು ಹಿಡಿದಿದ್ದ. ಸೊಂಟಕ್ಕೆ ಮಂಜುಗಡ್ಡೆಯ ಚೀಲ ಒತ್ತಿಕೊಂಡು ನಾರ್ಬರ್ಟ್ ಬಂದು ಕೂತಿದ್ದ. ಅವನಿಲ್ಲದೆ ಇಂಥದ್ದೆಲ್ಲ ನಡೆಯುವುದುಂಟೇ? ಬಾಗಿಲ ಸಂದಿಯಲ್ಲಿ ಜೋಯ್ಸ್. ಲೈಲ್ ಕಿಟಕಿಯಲ್ಲಿ ನೋಡಿದ. ಎಜ್ರಾ ಪಿಕಪ್ಪಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ, ಹೊರಡುವ ತಯಾರಿಯಲ್ಲಿ. ಆ ಕಾಲು ಇನ್ನು ಹತ್ತು ನಿಮಿಷದಲ್ಲಿ ಊರು ಬಿಟ್ಟು ಹೋಗುತ್ತದೆ. ಮೂರು ವಾರ ಕನಸಿನಲ್ಲೂ ಬಂದಿದ್ದ ಕಾಲು. ಲೈಲ್ ಕಾಗದದ ಮೇಲೆ ಅಂಗೈ ಅಡ್ಡ ಇಟ್ಟ.

"ತಡಿ!" ಎಂದು ಚೀರಿದ. "ಇವನಲ್ಲ! ಎಪ್ಪತ್ಮೂರು ಇವನಲ್ಲ!"

"ಏನೋ ಹೇಳ್ತಿದೀಯ ನೀನು?" ಎಂದ ಹಾರ್ಮ್ಸ್.

ಲೈಲ್ ಹೇಳುತ್ತ ಕೂರಲಿಲ್ಲ. ಹೆಡ್ ಕೋಚನ ಕೈ ಹಿಡಿದು, ಕೋಟೂ ಹಾಕಿಕೊಳ್ಳಲು ಬಿಡದೆ ಹೊರಗೆ ಎಳೆದುಕೊಂಡು ಹೋದ. ಅಂಗಿಯ ಕತೆಯನ್ನು ದಾರಿಯಲ್ಲೇ ಒದರಿದ. ಎಜ್ರಾನ ಮುಂದೆ ನಿಂತು, "ಏ ಹುಡುಗಾ, ನಾನು ನಿನ್ನ ಮೇಲೆ ನುಗ್ತೀನಿ. ತಡಿ ನೋಡೋಣ!" ಎಂದ.

"ಸರ್, ನಿಮಗೆ ಏಟಾಗುತ್ತೆ," ಎಂದ ಎಜ್ರಾ. ಅಂದು ಅವನು ಆಡಿದ ಮೊದಲ ಮಾತು.

"ಆಗ್ಲಿ!"

ಐವತ್ತು ದಾಟಿದ, ಒಂದು ಮೊಣಕಾಲು ಮಡಚದ ಲೈಲ್ ಥಾರ್ಸನ್ ಗೂಳಿಯಂತೆ ನುಗ್ಗಿದ. ಎಜ್ರಾ ಅವನ ಎದೆಗೆ ಎರಡು ಅಂಗೈ ಇಟ್ಟು, ಮಂಜುಗಡ್ಡೆಯ ಮೇಲೆ ಸಣ್ಣಸಣ್ಣ ಹೆಜ್ಜೆಯಲ್ಲಿ, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ತಳ್ಳಿಕೊಂಡು ಹೋಗಿ, ಹಿಮದ ರಾಶಿಯ ಮೇಲೆ ಹುಷಾರಾಗಿ ಮಲಗಿಸಿದ. ಲೈಲನಿಗೆ ಜೀವನದಲ್ಲಿ ಅಷ್ಟು ಸುಖ ಎಂದೂ ಆಗಿರಲಿಲ್ಲ.

"ನೋಡಿದ್ರಾ ಕೋಚ್? ನೋಡಿದ್ರಾ ಆ ಕಾಲು?" ಹಿಮದೊಳಗಿಂದ ಕೂಗಿದ. "ಇವ್ನನ್ನ ಬಿಡಬೇಡಿ!"

ಹಾರ್ಮ್ಸ್ ಬಾಯಿ ತೆರೆದು ನಿಂತಿದ್ದ. "ಲೈಲ್, ನಿನ್ನ ಕಣ್ಣು ಕಣ್ಣೇ ಕಣಯ್ಯ. ಬಾಪ್ಪ, ಸೈನ್ ಹಾಕು. ಇನ್ನೆಷ್ಟು ವರ್ಷ ಆಡ್ಬಹುದು ನೀನು?"

"ಒಂದೂ ಇಲ್ಲ ಸರ್," ಎಂದ ಎಜ್ರಾ ಬೂಟು ನೋಡಿಕೊಂಡು. "ಕಾಲೇಜಲ್ಲಿ ಆಡೋಕೆ ಕೊಡೋ ಐದು ವರ್ಷ ಮುಗೀತು. ಡಿಸೆಂಬರಲ್ಲಿ ಡಿಗ್ರಿ ಬಂತು. ಇನ್ನು ಆಡೋ ಹಾಗಿಲ್ಲ. ಮಾವನ ಹಂದಿ ಫಾರ್ಮಿಗೆ ಹೋಗ್ತಾ ಇದೀನಿ."

ಲೈಲ್ ಹಿಮ ಕೊಡವಿಕೊಂಡು ಎದ್ದ. ಸಿಟ್ಟಿನಿಂದ ಅವನ ಮೂಗು ಕೆಂಪಾಗಿತ್ತು.

"ಹಂದಿಗೆ ಮೇವು ಹಾಕೋಕೆ ಈ ಕಾಲು ಬೇಕಾ? ಪಾಪ ಬರುತ್ತೆ ಪಾಪ! ಇದನ್ನ ಪ್ರತಿಯೊಬ್ಬ ಹುಡುಗ ನೋಡ್ಬೇಕು ಕೋಚ್. ದಿನಾ ನೋಡ್ಬೇಕು. ಲೈನ್ ಕೆಲಸ ಬಾಯಲ್ಲಿ ಹೇಳಿ ಬರೋದಲ್ಲ, ಕಾಲಲ್ಲಿ ಮಾಡಿ ತೋರಿಸ್ಬೇಕು! ಹತ್ತೊಂಬತ್ತು ವರ್ಷದಿಂದ ಬಡ್ಕೋತಾ ಇದೀನಿ!"

ಹಾರ್ಮ್ಸ್ ಗಲ್ಲ ಕೆರೆದುಕೊಂಡ. ಎಜ್ರಾನ ಕಾಲು ನೋಡಿದ. ಲೈಲನ ಮಡಚದ ಮೊಣಕಾಲು ನೋಡಿದ.

"ಸರಿಯಾಗಿ ಹೇಳ್ದೆ ಲೈಲ್," ಎಂದ. "ನೂರಕ್ಕೆ ನೂರು. ಏನಪ್ಪಾ ಎಜ್ರಾ, ಲೈನ್ ಕೋಚ್ ಜಾಗ ಖಾಲಿ ಇದೆ. ಸೋಮವಾರದಿಂದ ಬರ್ತೀಯಾ?"

ತೆರೆದ ಕಿಟಕಿಯಲ್ಲಿ ಜೋಯ್ಸ್ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಪಕ್ಕದಲ್ಲಿ ನಾರ್ಬರ್ಟ್ ಮಾತ್ರ ಚಪ್ಪಾಳೆ ತಟ್ಟಿದ. "ನಾನು ಹೊತ್ಕೊಂಡಾಗ್ಲೇ ಅಂದ್ಕೊಂಡೆ!" ಎಂದ. ಹೊತ್ತುಕೊಂಡದ್ದು ಯಾರು ಯಾರನ್ನು ಎಂಬುದು ಅಷ್ಟರಲ್ಲೇ ಅವನಿಗೆ ಮರೆತುಹೋಗಿತ್ತು.

ಎಜ್ರಾ ಬೂಟು ನೋಡಿಕೊಂಡೇ ಹೂಂ ಅಂದ. ಐದಕ್ಕೆ ಎರಡು ನಿಮಿಷ ಇರುವಾಗ ಕೋಲ್ಟನ್‌ನೂ ಸೈನ್ ಹಾಕಿದ. "ಇರ್ಲಿ ಬಿಡು, ಎಜ್ರಾ ತಿದ್ಕೋತಾನೆ," ಎಂದ ಹಾರ್ಮ್ಸ್. ಆಮೇಲೆ ಲೈಲನ ಹೆಗಲ ಮೇಲೆ ಕೈ ಹಾಕಿದ. "ಹೇಳಿದ ಮಾತು ನೆನಪಿದೆ ಕಣಯ್ಯ. ಆದ್ರೆ ನಿನ್ನಂಥ ಕಣ್ಣು ಇರೋನನ್ನ ಮೈದಾನದಲ್ಲಿ ನಿಲ್ಸಿದ್ರೆ, ಇಂಥೋರನ್ನ ನಂಗೆ ಹುಡುಕಿಕೊಡೋರು ಯಾರು? ನಿಂಗೆ ದೊಡ್ಡ ಪರದೆ ತರಿಸ್ಕೊಡ್ತೀನಿ."

ಲೈಲ್ ತನ್ನ ಕೋಣೆಗೆ ಹೋಗಿ ಕೂತ. ಒದ್ದೆ ಪ್ಯಾಂಟು ಕಾಲಿಗೆ ಅಂಟಿಕೊಂಡಿತ್ತು. ತಪ್ಪು ಯಾರದು ಎಂದು ಹುಡುಕಿದ. ಎಲ್ಲ ಕಡೆ ತನ್ನ ಬಾಯೇ ಸಿಕ್ಕಿತು. ಅಳು ಬಂದ ಹಾಗಾಯಿತು. ಆದರೂ ಕಣ್ಣು ಮುಚ್ಚಿದರೆ ಆ ಕಾಲೇ ಕಾಣುತ್ತಿತ್ತು, ಮತ್ತು ಅದು ಚೆನ್ನಾಗಿಯೇ ಇತ್ತು.

ಬಾಗಿಲಲ್ಲಿ ಯಾರೋ ಬೂಟು ಒರೆಸಿಕೊಂಡ ಸದ್ದು. ಎರಡು ಸಲ.

"ಸರ್, ಒಳಗೆ ಬರ್ಲಾ?" ಎಜ್ರಾ ತಲೆ ತಗ್ಗಿಸಿ ನಿಂತಿದ್ದ, ಮೆಟ್ಟಿಲ ಕೆಳಗೆ ಬೇರೆ ದಾರಿ ಇರಲಿಲ್ಲ. "ನನ್ನ ಆಟನ ಇದುವರೆಗೂ ಯಾರೂ ನೋಡಿರ್ಲಿಲ್ಲ ಸರ್. ನಮ್ಮಮ್ಮ ಕೂಡ. ಥ್ಯಾಂಕ್ಸ್ ಸರ್."

"ನನ್ನ ಕೆಲಸ ಅದು," ಎಂದ ಲೈಲ್.

ಎಜ್ರಾ ಹೋಗಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಸರ್, ನಾಳೆ ಬೆಳಿಗ್ಗೆನೇ ಹುಡುಗರು ಜಿಮ್ಮಿಗೆ ಬರ್ತಾರಂತೆ, ಒಂದು ಸಲ ನೋಡ್ಕೋ ಅಂದ್ರು ಕೋಚ್. ನನ್ನ ಹತ್ರ ಏನೂ ಇಲ್ಲ. ಜೋಯ್ಸ್ ಮೇಡಂ ಹೇಳಿದ್ರು, ನಿಮ್ಮ ಹತ್ರ ಒಂದು ವಿಸಿಲ್ ಇದೆಯಂತೆ. ಹೊಸದು."

ಲೈಲ್ ಡ್ರಾಯರ್ ಎಳೆದ. ವಿಸಿಲ್ಲನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಹುಡುಗನ ಕೈಗೆ ಹಾಕಿದ.

"ಕೆಲಸ ಮಾಡುತ್ತಾ ಸರ್?"

"ಗೊತ್ತಿಲ್ಲ," ಎಂದ ಲೈಲ್. "ಸೊಂಟ ತಗ್ಗಿಸೋಕೆ ಹೇಳು ಅವ್ರಿಗೆ."

ಮರುದಿನ ಬೆಳಿಗ್ಗೆ ತಲೆಯ ಮೇಲೆ ಧಡಧಡ ಹೆಜ್ಜೆ ಸದ್ದು. ಅದರ ಹಿಂದೆಯೇ ವಿಸಿಲ್ ಕೂಗಿತು, ಒಂದು ಸಲ, ಗಟ್ಟಿಯಾಗಿ, ಮೂರು ಗೋಡೆ ದಾಟಿ ಕೇಳುವ ಹಾಗೆ. ಒಳ್ಳೇ ವಿಸಿಲ್ಲೇ ಆಗಿತ್ತು. ಲೈಲ್ ಅದು ನಿಲ್ಲುವವರೆಗೂ ಕಾದ. ಆಮೇಲೆ ಬೇರೊಂದು ಪಂದ್ಯದ ವಿಡಿಯೋ ಹಿಂದಕ್ಕೆ ತಿರುಗಿಸಿ, ಎಡಗಡೆಯಿಂದ ಎರಡನೆಯವನ ಕಾಲು ನೋಡತೊಡಗಿದ.