ನನ್ನ ಎಡ ಮೊಣಕಾಲಿನ ದಫ್ತರ

ಈ ಊರಿನಲ್ಲಿ ನೋವಿದೆ ಎಂದು ಹೇಳಹೊರಟಾಗಲೆಲ್ಲ ನೋವಿಗಿಂತ ದೊಡ್ಡದೊಂದು ಅವಮಾನ ನನಗೆ ಕಾದೇ ಇರುತ್ತದೆ. ನಾನು ಧಾರವಾಡದಲ್ಲಿ ಇಂಗ್ಲಿಷ್ ಓದಿ ಬಿ.ಎ. ಮಾಡಿದವಳು, ಯಾವುದನ್ನೂ ಬರೆದಿಡದೆ ಬಿಡುವವಳಲ್ಲ. ಲಂಡನ್ನಿನ ಅಂಚಿನ ಹೌನ್ಸ್ಲೋದ ನಮ್ಮ ಮನೆಯಲ್ಲಿ ನನ್ನ ಎಡ ಮೊಣಕಾಲಿಗೇ ಒಂದು ನೋಟುಬುಕ್ಕಿದೆ. ತೊಂಬತ್ತರ ದಶಕದ ಕೊನೆಯ ಮೂರು ವರ್ಷ, ಆಪರೇಶನ್ ಪಟ್ಟಿಯಲ್ಲಿ ಆ ಕಾಲಿಗೊಂದು ಜಾಗ ಸಿಗಲೆಂದು ನಾನು ಪಟ್ಟ ಪಾಡೆಲ್ಲ ಅದರಲ್ಲಿದೆ.

೧. ಒಂದೇ ಪದ

ಇಲ್ಲಿ ಬಡಾವಣೆಯ ಡಾಕ್ಟರು, ಅಂದರೆ ಜಿಪಿ, ಪತ್ರ ಬರೆಯದೆ ಆಸ್ಪತ್ರೆಯ ಬಾಗಿಲು ತೆರೆಯದು. ಮೊದಲ ಸಲ ಅವರ ಮುಂದೆ ನೋಟುಬುಕ್ ಬಿಚ್ಚಿ ಓದಿದೆ. ಏಳುವಾಗ ಸೆಳೆತ. ಮೆಟ್ಟಿಲು ಹತ್ತುವಾಗ ಸೂಜಿ ಚುಚ್ಚಿದಂತೆ. ನಿಂತು ರೊಟ್ಟಿ ಬಡಿದರೆ ಉರಿ. ಚಳಿ ಬಿದ್ದರೆ ಒಳಗಿನಿಂದ ಯಾರೋ ಹಿಂಡಿದಂತೆ. ಎಲ್ಲ ಇಂಗ್ಲಿಷಿನಲ್ಲೇ, ವ್ಯಾಕರಣ ತಪ್ಪದೆ, ಎರಡು ಪುಟ.

ಅವರು ತಾಳ್ಮೆಯಿಂದ ಕೇಳಿ ಕಂಪ್ಯೂಟರಿನಲ್ಲಿ ಒಂದು ಪದ ಕುಟ್ಟಿದರು: 'ಏಕ್' (ache), ಅಂದರೆ ಬರೀ ನೋವು.

"ಉಳಿದದ್ದು?" ಎಂದೆ.

"ಎಲ್ಲ ಅದರಲ್ಲೇ ಬಂತಲ್ಲ, ಮೇಡಂ."

ತಲೆಗೂ ಏಕ್, ಹಲ್ಲಿಗೂ ಏಕ್, ಹೊಟ್ಟೆಗೂ ಏಕ್, ಪ್ರೀತಿ ಮುರಿದ ಎದೆಗೂ ಏಕ್! ಅರ್ಧ ಜಗತ್ತಿನಿಂದ ಸಾಮಾನು ಹೊತ್ತು ತಂದ ಇಂಗ್ಲಿಷರು, ನೋವಿಗೆ ನಾಲ್ಕು ಪದ ತರುವುದನ್ನು ಮಾತ್ರ ಮರೆತುಬಿಟ್ಟಿದ್ದರು.

೨. ಹತ್ತಕ್ಕೆ ಎಷ್ಟು?

ಮುಂದಿನ ಸಲ ಡಾಕ್ಟರೇ ಕೇಳಿದರು: "ನೋವು ಹತ್ತಕ್ಕೆ ಎಷ್ಟು?"

ನ್ಯಾಯವಾಗಿ ಯೋಚಿಸಿ ಆರು ಎಂದೆ. ನಮ್ಮ ಕಾಲೇಜಿನಲ್ಲಿ ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್. ಓಣಿಗೆಲ್ಲ ಪೇಢೆ ಹಂಚುತ್ತಿದ್ದರು. ನನ್ನ ಫಸ್ಟ್ ಕ್ಲಾಸ್ ನೋವಿಗೆ ಸಿಕ್ಕಿದ್ದು ಪ್ಯಾರಾಸಿಟಮಾಲ್, ಜೊತೆಗೆ ಈಜಲು ಹೋಗಿ ಎಂಬ ಉಪದೇಶ.

ಇಲ್ಲೇ ಹುಟ್ಟಿದ ಮಗಳು ಹಣೆ ಚಚ್ಚಿಕೊಂಡಳು. "ಮಮ್ಮಿ! ಎವ್ರಿಬಡಿ ಸೇಸ್ ನೈನ್!"

"ನಿನ್ನ ಹಡಿಯೋವಾಗನ ಏಳು ಕೊಟ್ಟೇನಿ," ಎಂದೆ. "ಮೊಣಕಾಲಿಗೆ ಒಂಬತ್ತು ಹೆಂಗ ಕೊಡ್ಲಿ?"

೩. ನೆಟ್ಟಗೆ ನಡೆದದ್ದು

ಮೂರನೆಯ ಸಲ ಮಗಳು ಬಾಗಿಲಲ್ಲೇ ಎಚ್ಚರಿಸಿದಳು: "ಪ್ಲೀಸ್, ಮಮ್ಮಿ, ಕುಂಟು." ಅದಕ್ಕೆ ನಟನೆ ಬೇಕಿರಲಿಲ್ಲ, ಬಸ್ಸಿಳಿದು ಕುಂಟುತ್ತಲೇ ಬಂದೆ. ಒಳಗೆ ನೋಡಿದರೆ ನಮ್ಮ ಯುಗಾದಿ ಕೂಟದ ಬೆಳಗಾವಿಯ ಹೆಣ್ಣುಮಗಳೊಬ್ಬರು ಕೂತಿದ್ದಾರೆ! ಇವರ ಕಣ್ಣಿಗೆ ಬಿದ್ದರೆ ಭಾನುವಾರದೊಳಗೆ ಆಚೆ ಬಡಾವಣೆ ಹೇಸ್‌ವರೆಗೂ ಸುದ್ದಿ. ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಂಡು, ಹಲ್ಲು ಕಚ್ಚಿ, ನೆಟ್ಟಗೆ ನಡೆದೆ.

"ಏನ್ರೀ ವೈನಿ, ಆರಾಮ?"

"ಆರಾಮ್ರೀ. ಸುಮ್ನ ಒಂದು ಚೀಟಿ ಬೇಕಿತ್ತು. ನೀವು?"

"ನಂದೂ ಬರೇ ಚೀಟಿ ನೋಡ್ರಿ."

ನನ್ನ ಹೆಸರು ಕರೆಯಲು ಬಾಗಿಲಿಗೆ ಬಂದಿದ್ದ ಡಾಕ್ಟರು ಖುಷಿಯಿಂದ ಕೈ ಚಾಚಿದರು. "ನಡಿಗೆ ಎಷ್ಟು ಸುಧಾರಿಸಿದೆ!" ಹಾಗೆಂದೇ ಬರೆದೂಬಿಟ್ಟರು.

ಆಮೇಲೆ ತಿಳಿಯಿತು, ಆಕೆಗೆ ಎರಡೂ ಸೊಂಟದ ಕೀಲು ಸವೆದಿದ್ದವಂತೆ. ನಾನು ನೋಡುತ್ತಿದ್ದೇನೆಂದು ಆಕೆಯೂ ನೆಟ್ಟಗೆ ನಡೆದು, ಅದೇ ಪ್ಯಾರಾಸಿಟಮಾಲ್ ಹಿಡಿದು ಮನೆಗೆ ಹೋಗಿದ್ದರು.

೪. ಯಾರ ನೋವು?

ಕೊನೆಗೊಂದು ಬೆಳಿಗ್ಗೆ ಮಡಚಿದ ಕಾಲು ಬಿಚ್ಚಲೇ ಇಲ್ಲ. ಮಲಗುವ ಕೋಣೆ ಮೇಲೆ, ಅಡುಗೆಮನೆ ಕೆಳಗೆ. ಒಂದು ವಾರ ನಾನು ಮೇಲೇ ಉಳಿದೆ. ಮದುವೆಯಾದ ಮೇಲೆ ಮೊದಲ ಸಲ ನಮ್ಮ ಯಜಮಾನರು ಗ್ಯಾಸ್ ಹಚ್ಚಿದರು.

ಕಾಲು ತುಸು ಸಡಿಲಾದಾಗ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದರು. ನಾನಿನ್ನೂ ನೋಟುಬುಕ್ಕಿನ ಪುಟ ಹುಡುಕುತ್ತಿದ್ದೆ. ಡಾಕ್ಟರು ಮರ್ಯಾದೆಗೆಂದು ಇವರನ್ನು ಕೇಳಿದರು: "ಮನೆಯಲ್ಲಿ ಹೇಗೆ ನಡೆದಿದೆ, ಸರ್?"

ಕಟ್ಟೆ ಒಡೆಯಿತು.

"ಡಾಕ್ಟರ್, ಏಳು ದಿನ ನನ್ನ ಚಹಾ ನಾನೇ ಮಾಡಿಕೊಂಡೆ. ಹಾಲು ಉಕ್ಕಿತು. ಅನ್ನ ತಳ ಹಿಡಿಯಿತು. ಸಾಕ್ಸು ಎಲ್ಲಿಡುತ್ತಾಳೋ ಇವತ್ತಿಗೂ ಗೊತ್ತಿಲ್ಲ. ತಟ್ಟೆ ಹಿಡಿದು ಎಷ್ಟು ಸಲ ಮೆಟ್ಟಿಲು ಹತ್ತಲಿ? ನಾನೂ ಮನುಷ್ಯನೇ!" ಅಂಗಿಯ ತೋಳಿಗೆ ಮೂಗೊರೆಸಿಕೊಂಡರು. ಡಾಕ್ಟರು ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು. ನನಗಲ್ಲ, ಅವರಿಗೆ.

"ಇದನ್ನು ಇನ್ನು ಹೀಗೇ ಬಿಡಲಾಗದು," ಎಂದು ಆಸ್ಪತ್ರೆಗೆ ಅಲ್ಲೇ ಪತ್ರ ಬರೆದರು. ಮೂರು ವರ್ಷದ ನನ್ನ ನೋವಿಗೆ ಅಲುಗದ ಪೆನ್ನು, ಇವರ ಏಳು ದಿನದ ಚಹಾಕ್ಕೆ ಪುಟ ತುಂಬ ಓಡಿತು.

ಹೊರಗೆ ಬರುತ್ತ ಯಜಮಾನರು ಕಣ್ಣೊರೆಸಿಕೊಂಡು, ಎದೆಯುಬ್ಬಿಸಿ ಹೇಳಿದರು:

"ನೋಡಿದೇನು? ನಿನಗ ನೋವು ಹೇಳ್ಲಿಕ್ಕೇ ಬರೂದಿಲ್ಲ."