ಗೋಲ್‌ಕೀಪರನಿಗೆ ಅಂಟಿನ ಉಂಡೆ

ನಾನು ಜೀವಮಾನದಲ್ಲಿ ಯಾರಿಗೂ ಲಂಚ ಕೊಟ್ಟವಳಲ್ಲ. ಬನಶಂಕರಿ ತಾಯಿಗೆ ಆಗಾಗ ಹರಕೆ ಹೊತ್ತದ್ದುಂಟು. ಅದನ್ನು ಲಂಚದ ಲೆಕ್ಕಕ್ಕೆ ಹಿಡಿಯಬಾರದೆಂದು ನನ್ನ ನಂಬಿಕೆ. ಇಂಥ ನನ್ನ ಮೇಲೆ ಪುಣೆಯ ಕಾಲೇಜುಗಳ ಫುಟ್‌ಬಾಲನ್ನು ಕೆಡಿಸಿದ ಆಪಾದನೆ ಬಂದು, ವಿಚಾರಣೆಗೆಂದು ಒಂದು ಸಮಿತಿಯೇ ಕೋಥ್ರೂಡಿನ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಿತ್ತು ಎಂದರೆ ನಂಬುವಿರಾ? ಆಗ ನನಗೆ ಒಂದು ತಂಡದಲ್ಲಿ ಎಷ್ಟು ಜನ ಆಡುತ್ತಾರೆ ಎಂಬುದೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆಯವರು ಒಂದು ಕಾಲೇಜಿನಲ್ಲಿ ಕ್ರೀಡಾ ಶಿಕ್ಷಕರಾಗಿದ್ದರು. ಧಾರವಾಡ ಬಿಟ್ಟು ಪುಣೆಗೆ ಬಂದು ಎಷ್ಟೋ ವರ್ಷವಾದರೂ ಅವರ ಶಿಸ್ತು ಮಾತ್ರ ಊರಿನಿಂದ ಹೊರಟಾಗಿನಷ್ಟೇ ಗಟ್ಟಿಯಾಗಿತ್ತು. ಕಾಲೇಜಿನ ಸೀಟಿಯನ್ನು ಅವರು ಮನೆಗೆ ತರುತ್ತಿರಲಿಲ್ಲ. ನಮ್ಮ ಮಗಳು ಸಣ್ಣವಳಿದ್ದಾಗ ಒಮ್ಮೆ ಊದಲು ಕೇಳಿದ್ದಕ್ಕೆ, ಅದು ಸಂಸ್ಥೆಯ ಸೀಟಿ ಎಂದು ತಿಳಿಸಿ ಹೇಳಿದ್ದರು. ಮಗುವಿಗೆ ಆಗ ಮೂರು ವರ್ಷ!

ಆ ವರ್ಷ ಅವರ ತಂಡದ ಗೋಲ್‌ಕೀಪರ್ ಬಿ.ಎ. ಮುಗಿಸಿ ಹೋದ. ಮನೆಯವರು ಬಾಗಿಲು ಕಳುವಾದ ಮನೆಯ ಯಜಮಾನನಂತೆ ತಿರುಗಾಡತೊಡಗಿದರು. ಅಷ್ಟರಲ್ಲಿ ದೇಹೂ ರೋಡಿನ ಮೈದಾನದಲ್ಲಿ ದೀಪಕ್ ಎಂಬ ಹುಡುಗ ಅವರ ಕಣ್ಣಿಗೆ ಬಿದ್ದ. ಹನ್ನೆರಡನೆಯ ತರಗತಿ ಪಾಸಾಗಿದ್ದ. ತಂದೆ ಸೈನ್ಯದಲ್ಲಿ ಹವಾಲ್ದಾರ, ಮೂಲ ಗಢವಾಲದ ಕಡೆಯವರು. ಎಡಕ್ಕೆ ಹೊಡೆದರೂ ಬಲಕ್ಕೆ ಹೊಡೆದರೂ ಚೆಂಡು ತಾನಾಗಿ ಅವನ ಕೈಗೇ ಬಂದು ಬೀಳುತ್ತದೆಂದು ಮನೆಯವರು ಊಟದ ತಟ್ಟೆಯ ಮುಂದೆ ಕೂತು ವರ್ಣಿಸಿದರು. ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಗಮನಿಸಲಿಲ್ಲ. ಅದು ಬನಶಂಕರಿ ತಾಯಿಯ ದಯೆ.

ಆದರೆ ಆ ಹುಡುಗನ ಹಿಂದೆ ಇನ್ನೂ ಎರಡು ಕಾಲೇಜುಗಳು ಬಿದ್ದಿದ್ದವು. ಆಟಗಾರರನ್ನು ಸೆಳೆಯಲು ಯಾರೂ ಏನನ್ನೂ ಕೊಡಬಾರದು ಎಂದು ಕಾಲೇಜುಗಳ ಕ್ರೀಡಾ ಮಂಡಳಿಯ ಕಟ್ಟುನಿಟ್ಟಾದ ನಿಯಮವಿತ್ತು. ಆಮಿಷ ತೋರಿಸಿದ್ದು ಸಾಬೀತಾದರೆ ಆಟಗಾರ ಇಡೀ ವರ್ಷ ಆಡುವಂತಿಲ್ಲ. ಹಾಗಿದ್ದರೂ ಅಲ್ಲಿ ಬೂಟು ಕೊಟ್ಟರಂತೆ, ಇಲ್ಲಿ ಟೇಪ್‌ರೆಕಾರ್ಡರ್ ಕೊಟ್ಟರಂತೆ ಎಂಬ ಸುದ್ದಿ ಇದ್ದೇ ಇರುತ್ತಿತ್ತು. ನೀವೇನು ಕೊಡುತ್ತೀರಿ ಎಂದು ನಾನು ಮನೆಯವರನ್ನು ಕೇಳಿದೆ.

"ಮುಂಜಾನೆ ಐದೂವರಿಗೆ ಪ್ರಾಕ್ಟೀಸ್, ಮತ್ತ ಶಿಸ್ತು," ಎಂದರು.

ಇದನ್ನು ಕೇಳಿ ಯಾವ ಹುಡುಗ ಬಂದಾನು ಎಂದು ನನಗೆ ಕರುಣೆ ಬಂತು. ನನ್ನ ಅನಾಹುತಗಳೆಲ್ಲ ಕರುಣೆಯಿಂದಲೇ ಶುರುವಾಗುತ್ತವೆ.

ಒಂದು ಶುಕ್ರವಾರ ದೀಪಕ್ ಮತ್ತು ಅವನ ತಾಯಿ ಕಾಲೇಜು ನೋಡಲು ಬಂದಿದ್ದರು. ಮಳೆ ಹಿಡಿದು ಲೋಕಲ್ ಗಾಡಿಗಳು ನಿಂತುಹೋದವು. ಮನೆಯವರು ಬೇರೆ ದಾರಿ ಇಲ್ಲದೆ ಇಬ್ಬರನ್ನೂ ಮನೆಗೆ ಕರೆತಂದು, ಗಾಡಿಯ ವಿಚಾರ ತಿಳಿಯಲು ಕೆಳಗಿನ ಅಂಗಡಿಯ ಫೋನಿನ ಹತ್ತಿರ ಹೋದರು. ಹೋಗುವಾಗ, ಚಹಾ ಒಂದು ಸಾಕು ಎಂದು ನನಗೆ ಸೂಚನೆ ಕೊಟ್ಟಿದ್ದರು. ಚಹಾ ಒಂದೇ ಕೊಟ್ಟು ಕಳಿಸಲು ಇದೇನು ರೈಲ್ವೆ ಸ್ಟೇಷನ್ನೇ?

ಹುಡುಗ ಬಾಗಿಲ ಚೌಕಟ್ಟಿನಷ್ಟು ಎತ್ತರ, ಅಡ್ಡ ಮಾತ್ರ ಇಲ್ಲವೇ ಇಲ್ಲ. ತಾಯಿ ನನ್ನ ವಾರಿಗೆಯವಳು. ಅವಳ ಹಿಂದಿ, ನನ್ನ ಹಿಂದಿ ಬೇರೆಬೇರೆ ಭಾಷೆಗಳಾದರೂ ಸಂಕಟ ಹೇಳಿಕೊಳ್ಳಲು ತೊಡಕಾಗಲಿಲ್ಲ. ಗಂಡನಿಗೆ ಮಗ ತನ್ನಂತೆ ಪಲ್ಟಣ ಸೇರಲಿ ಎಂದು ಹಟ. ಮಗನಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಉಸಿರಿಲ್ಲ. ಕೊನೆಗೆ ಇವಳು ಅತ್ತು ಕರೆದು ಒಂದು ವರ್ಷ ಕೇಳಿ ತೆಗೆದುಕೊಂಡಿದ್ದಾಳೆ. ಈ ವರ್ಷ ಆಡಿ ತೋರಿಸಿದರೆ ಸರಿ, ಇಲ್ಲವಾದರೆ ಕಾಲೇಜೂ ಬೇಡ, ಆಟವೂ ಬೇಡ, ಸೈನ್ಯದ ಭರ್ತಿಯ ಸಾಲಿನಲ್ಲಿ ನಿಲ್ಲಬೇಕು. ಹೇಳುತ್ತ ಹೇಳುತ್ತ, ತಾನು ತವರಿಗೆ ಹೋಗಿ ಎಷ್ಟೋ ವರ್ಷವಾಯಿತು ಎಂಬುದನ್ನೂ ಹೇಳಿದಳು.

ಶುಕ್ರವಾರ, ಮುತ್ತೈದೆ, ಅದರಲ್ಲಿ ತವರು ಕಾಣದವಳು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಕುಂಕುಮ ಹಚ್ಚಿ ಉಡಿ ತುಂಬಿದೆ. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು. ರವಿಕೆಯ ಖಣ ಇಡುವ ಕಡೆ ಒಂದು ಸೀರೆಯನ್ನೇ ಇಟ್ಟೆ. ಗಿಣಿಹಸಿರು ಬಣ್ಣ, ಈರುಳ್ಳಿ ಬಣ್ಣದ ಅಂಚು. ಯಾರದೋ ಮದುವೆಯಲ್ಲಿ ಬಂದದ್ದು. ಇನ್ನಾರದೋ ಮದುವೆಗೆ ದಾಟಿಸಲೆಂದು ಕಪಾಟಿನಲ್ಲಿ ಕಾದಿತ್ತು. ಅವಳ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ತಾಯಿಗೆ ಕೊಟ್ಟು ಮಗನನ್ನು ಬರಿಗೈಯಲ್ಲಿ ಕಳಿಸಲಾದೀತೇ? ತಂಗಿಯ ಬಾಣಂತನಕ್ಕೆಂದು ಮಾಡಿದ ಅಂಟಿನ ಉಂಡೆಗಳು ಡಬ್ಬಿ ತುಂಬ ಉಳಿದಿದ್ದವು. ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ತುಪ್ಪ ಹಾಕಿದ್ದು. ಬಾಣಂತಿಯ ಸೊಂಟಕ್ಕೆ ಬಲ ಕೊಡುವ ಪದಾರ್ಥ ಗೋಲ್‌ಕೀಪರನ ಸೊಂಟಕ್ಕೆ ಕೊಡದೆ ಇದ್ದೀತೇ? ಪಾಕ ತುಸು ಏರಿದೆ ಎಂದು ತಂಗಿ ಅಂದಿದ್ದಳು. ಬಾಣಂತಿಯರು ಏನಾದರೂ ಒಂದು ಅನ್ನುತ್ತಲೇ ಇರುತ್ತಾರೆ. ಡಬ್ಬಿಯನ್ನೇ ಅವನ ಚೀಲಕ್ಕೆ ಹಾಕಿದೆ. ಮನೆಯವರು ಮರಳಿ ಬರುವ ಹೊತ್ತಿಗೆ ಚೀಲದ ಬಾಯಿ ಕಟ್ಟಿಯಾಗಿತ್ತು.

ಮುಂದಿನ ವಾರ ದೀಪಕ್ ನಮ್ಮವರ ಕಾಲೇಜಿನಲ್ಲಿ ಹೆಸರು ಹಚ್ಚಿದ. ಮನೆಯವರು ಅದು ಶಿಸ್ತಿನ ಗೆಲುವೆಂದು ಬೀಗಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರು ಮನೆಯ ಜೋಶಿ ಕಾಕುವಿನ ಜೊತೆ ಮೆಂತ್ಯೆ ಸೊಪ್ಪು ಸೋಸುತ್ತ ಕೂತಾಗ, ಶಿಸ್ತಿಗೂ ಐದೂವರೆಗೂ ಯಾರೂ ಬರುವುದಿಲ್ಲ ಕಾಕು, ಹುಡುಗ ಬಂದದ್ದು ನನ್ನ ಉಂಡೆಗೆ, ಅವನ ತಾಯಿ ಒಪ್ಪಿದ್ದು ನನ್ನ ಸೀರೆಗೆ ಎಂದು ಮರಾಠಿಯಲ್ಲಿ ಸವಿಸ್ತಾರವಾಗಿ ಹೇಳಿದೆ. ಕಾಕುವಿನ ಅಣ್ಣನ ಮಗ, ದೀಪಕ್‌ನನ್ನು ಕಳೆದುಕೊಂಡ ಎರಡು ಕಾಲೇಜುಗಳಲ್ಲಿ ಒಂದರಲ್ಲಿ ಕ್ರೀಡಾ ಶಿಕ್ಷಕ ಎಂಬುದನ್ನು ತಾಯಿ ಬನಶಂಕರಿ ನನಗೆ ಮೊದಲೇ ಸೂಚಿಸಬಹುದಿತ್ತು. ಸೂಚಿಸಲಿಲ್ಲ.

ಮಾತು ಕೋಥ್ರೂಡ್ ದಾಟುವಷ್ಟರಲ್ಲಿ ಸೀರೆ ಜರಿ ರೇಷ್ಮೆಯ ಪೈಠಣಿಯಾಯಿತು. ಉಂಡೆ ಶಕ್ತಿವರ್ಧಕ ಔಷಧವಾಯಿತು! ಆ ಕಾಲೇಜು ಮಂಡಳಿಗೆ ದೂರು ಕೊಟ್ಟೇಬಿಟ್ಟಿತು.

ಮನೆಯವರು ಅಂದು ಬೂಟು ಬಿಚ್ಚದೆ ಒಳಗೆ ಬಂದರು. ಅದನ್ನು ನೋಡಿಯೇ ಏನೋ ಕೆಟ್ಟಿದೆ ಎಂದು ನನಗೆ ತಿಳಿಯಿತು.

"ಆ ಹುಡುಗಗ ನೀ ಏನ ಕೊಟ್ಟಿ?"

"ಆಶೀರ್ವಾದ ಕೊಟ್ಟೆ."

"ಅದರ ಜೋಡಿ?"

"ನಾಕ ಉಂಡಿ. ಡಬ್ಬಿಯೊಳಗ ಎಷ್ಟ ಇದ್ದವೋ ಅಷ್ಟ."

"ಅವರವ್ವಗ?"

"ಉಡಿ ತುಂಬಿದೆ. ಮುತ್ತೈದಿನ್ನ ಬರಿಗೈಲೆ ಕಳಸ್ತಾರೇನ್ರೀ?"

"ಉಡಿಯೊಳಗ ಏನಿತ್ತು ಅದನ್ನ ಹೇಳು."

ಹೇಳಿದೆ. ಅವರು ಕುರ್ಚಿಯ ಮೇಲೆ ಕೂತರು. ಬೈದಿದ್ದರೆ ತಿರುಗಿ ಒಂದು ಮಾತು ಅನ್ನಬಹುದಿತ್ತು. "ನನ್ನದು ಬಿಡು, ನಾ ಬೇಕಾದ್ರ ಮೈದಾನದ ಹುಲ್ಲ ಕೊಯ್ಸಿಕೋತ ಕೂಡ್ತೀನಿ. ಆ ಹುಡುಗಗ ಇರೋದು ಇದೊಂದ ವರ್ಷ," ಎಂದಷ್ಟೇ ಹೇಳಿ ಎದ್ದುಹೋದರು. ದೇವರ ಮುಂದೆ ಕೂತು, ಆ ತಾಯಿ ಬೇಡಿ ತಂದ ವರ್ಷವನ್ನು ನಾನು ಉಡಿ ತುಂಬಿ ಕಳೆದೆನೇ ಎಂದು ಅತ್ತೆ.

ಮಂಡಳಿಯವರು ದೊಡ್ಡ ಮನುಷ್ಯರು. ಹೆಣ್ಣುಮಗಳನ್ನು ಕಚೇರಿಗೆ ಕರೆಸುವುದು ಬೇಡ, ನಾವೇ ಮನೆಗೆ ಬಂದು ಕೇಳುತ್ತೇವೆ, ತಾಯಿ ಮಗನೂ ಅಲ್ಲಿಗೇ ಬರಲಿ ಎಂದರು. ಬಂದ ದಿನ ಶ್ರಾವಣ ಶುಕ್ರವಾರ. ನನ್ನ ಗ್ರಹಚಾರಕ್ಕೆ ಪಂಚಾಂಗದಲ್ಲಿ ಬೇರೆ ವಾರವೇ ಇರಲಿಲ್ಲ.

ಮನೆಯವರು ಮುಂಜಾನೆಯಿಂದ ನನಗೆ ಪಾಠ ಹೇಳಿದ್ದರು. ಏನೂ ಕೊಡಬಾರದು. ಚಹಾ ಇಲ್ಲ, ಅವಲಕ್ಕಿ ಇಲ್ಲ. ನೀರು ಕೂಡ ಅವರಾಗಿ ಕೇಳಿದರೆ ಮಾತ್ರ. ನಾನು ಕಪಾಟಿಗೆ ಕೀಲಿ ಹಾಕಿ, ಕೀಲಿಯನ್ನು ಅವರ ಕೈಗೇ ಕೊಟ್ಟೆ. ಇದಕ್ಕಿಂತ ಹೆಚ್ಚಿನ ಎಚ್ಚರ ಯಾರು ವಹಿಸಿಯಾರು?

ಸಮಿತಿಯಲ್ಲಿ ಇಬ್ಬರು. ಅಧ್ಯಕ್ಷರು ನಿವೃತ್ತ ಪ್ರಿನ್ಸಿಪಾಲರು, ತಲೆಯಿಂದ ಬೆರಳಿನ ತುದಿಯವರೆಗೆ ಇಸ್ತ್ರಿ ಹಾಕಿದಂಥ ಮನುಷ್ಯ. ಇನ್ನೊಬ್ಬರು ಸಾಠೆ ಬಾಯಿ, ಯಾವುದೋ ಹೆಣ್ಣುಮಕ್ಕಳ ಕಾಲೇಜಿನ ಕ್ರೀಡಾ ಶಿಕ್ಷಕಿ. ದೀಪಕ್ ತನ್ನ ದೊಡ್ಡ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಅವನ ತಾಯಿ ಬಂದಳು. ಗಿಣಿಹಸಿರು ಸೀರೆ, ಈರುಳ್ಳಿ ಬಣ್ಣದ ಅಂಚು! ಅಕ್ಕ ಕೊಟ್ಟ ಸೀರೆಯನ್ನು ಅಕ್ಕನ ಮನೆಗೆ ಉಟ್ಟುಕೊಂಡು ಬರುವುದು ಮರ್ಯಾದೆ ಎಂದು ಅವಳು ನಕ್ಕಳು. ಮನೆಯವರು ಕಣ್ಣು ಮುಚ್ಚಿಕೊಂಡರು. ಜಪ ಮಾಡುತ್ತಿದ್ದಾರೆಂದು ಅಧ್ಯಕ್ಷರು ಭಾವಿಸಿರಬೇಕು.

ಮಾತುಕತೆಯೆಲ್ಲ ಮರಾಠಿ, ಹಿಂದಿಯಲ್ಲಿ ನಡೆಯಿತು. ನಾನು ಬಹಳ ಬಿಗಿಯಾಗಿದ್ದೆ. ಕೇಳಿದ್ದಕ್ಕಷ್ಟೇ ಉತ್ತರ. ಮನೆಗೆ ಬಂದವರಿಗೆ ಕುಂಕುಮ ಕೊಡುವುದು ನಮ್ಮ ಪದ್ಧತಿ, ಅದರಲ್ಲಿ ಫುಟ್‌ಬಾಲಿನ ಸಂಬಂಧವೇ ಇಲ್ಲ ಎಂದೆ. ಅಧ್ಯಕ್ಷರು ತಲೆದೂಗಿದರು. ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಸಾಠೆ ಬಾಯಿ ಕೈ ತೊಳೆಯಲು ಒಳಗೆ ಹೋಗಿ, ಬರುವಾಗ ದೇವರಿಗೆ ಕೈಮುಗಿದು ನನ್ನ ಮುಂದೆ ನಿಂತರು. ಹಣೆಯ ಮೇಲೆ ಕುಂಕುಮ, ಕೈತುಂಬ ಹಸಿರು ಬಳೆ, ಶ್ರಾವಣ ಶುಕ್ರವಾರ. ನಾನು ಅರಿಸಿನ ಕುಂಕುಮದ ತಬಕ ಎತ್ತಿದೆ. ಕುಂಕುಮ ಹಚ್ಚಿದೆ. ಕಪಾಟಿಗೆ ಕೀಲಿ ಇದ್ದರೇನು, ದೇವರ ಮುಂದೆ ಪೂಜೆಗಿಟ್ಟ ಖಣವೊಂದು ಇತ್ತಲ್ಲ. ಎತ್ತಿ ಅವರ ಉಡಿಗೆ ಹಾಕಿದೆ. ಹಾಕಿದ ಮೇಲೆ ಮನೆಯವರ ಮುಖ ನೋಡಿದೆ. ನೋಡಬಾರದಿತ್ತು.

"ಆ ತಾಯಿಗೂ ಹೀಗೇ ಕೊಟ್ಟಿರೇನು?" ಎಂದು ಅಧ್ಯಕ್ಷರು ಸಾವಕಾಶವಾಗಿ ಕೇಳಿದರು.

"ಇಲ್ರಿ ಸಾಹೇಬ್ರ, ಅವರಿಗೆ ಸೀರೆ ಕೊಟ್ಟಿದ್ದೆ. ಇದು ಬರೀ ಖಣ," ಎಂದೆ. ಸತ್ಯ ಹೇಳಿದರೆ ದೇವರು ಕಾಯುತ್ತಾನೆ ಎಂದು ನಮ್ಮ ತಂದೆ ಕಲಿಸಿದ್ದರು. ದೇವರು ಆ ಕ್ಷಣದಲ್ಲಿ ಎಲ್ಲಿದ್ದನೋ. ಆಟಗಾರನ ತಾಯಿಗೆ ಸೀರೆ, ಸಮಿತಿಯ ಸದಸ್ಯೆಗೆ ಖಣ. ಈ ತಾರತಮ್ಯ ಸಾಠೆ ಬಾಯಿಯ ಮುಖದಲ್ಲಿ ಎದ್ದು ಕಂಡಿತು. ಅವರು ಹೋಗಿ ದೀಪಕ್‌ನ ತಾಯಿಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಮತ್ತೊಮ್ಮೆ ತಿಕ್ಕಿದರು.

"ಇದು ಪೈಠಣಿ ಅಲ್ಲ, ರೇಷ್ಮೆಯೂ ಅಲ್ಲ. ನೈಲಾನು," ಎಂದು ಘೋಷಿಸಿದರು. "ಇಂಥದ್ದು ನಮ್ಮ ಮನೆಯಲ್ಲೂ ಬಂದು ಬಿದ್ದಿದೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಮನೆಯವರು ಮೊದಲ ಬಾರಿ ಕಣ್ಣು ತೆರೆದರು.

ಉಳಿದದ್ದು ಶಕ್ತಿವರ್ಧಕ ಔಷಧದ ವಿಷಯ. ಡಬ್ಬಿ ತೋರಿಸಬೇಕೆಂದು ಹೇಳಿದ್ದರಿಂದ ದೀಪಕ್ ತಂದಿದ್ದ. ಅಧ್ಯಕ್ಷರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಇದು ಬಾಣಂತಿಯರ ಲಾಡು ಎಂದು ಸಾಠೆ ಬಾಯಿ ಹೇಳಿದ ಕೂಡಲೇ ಹುಡುಗ ಕಿವಿಯವರೆಗೆ ಕೆಂಪಾದ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ! ಪರೀಕ್ಷಿಸದೆ ತೀರ್ಮಾನ ಕೊಡಲಾಗದು ಎಂದು ಅಧ್ಯಕ್ಷರು ಉಂಡೆಯನ್ನು ಕಚ್ಚಿದರು. ಟಕ್ಕೆಂದು ಸದ್ದಾಯಿತು. ಉಂಡೆ ಇದ್ದ ಹಾಗೇ ಇತ್ತು. ಅಧ್ಯಕ್ಷರು ಅತ್ತ ತಿರುಗಿ ಕರವಸ್ತ್ರ ಬಾಯಿಗೆ ಹಿಡಿದು, ಬಹಳ ಹೊತ್ತು ಒಳಗೇ ಏನನ್ನೋ ಸರಿಪಡಿಸಿಕೊಂಡರು. ಕಟ್ಟಿಸಿದ ಹಲ್ಲಂತೆ. ಮುರಿಯಲಿಲ್ಲ, ಸಡಿಲಾಯಿತಷ್ಟೇ. ಬನಶಂಕರಿ ತಾಯಿ ದೊಡ್ಡವಳು.

"ನೀನು ಇವನ್ನು ತಿಂದೆಯಾ?" ಎಂದು ಅವರು ಕರವಸ್ತ್ರದ ಹಿಂದಿನಿಂದಲೇ ದೀಪಕ್‌ನನ್ನು ಕೇಳಿದರು.

ಹುಡುಗ ನನ್ನ ಕಡೆ ನೋಡಿದ. ನಿಜ ಹೇಳು ಮಗನೇ ಎಂದು ನಾನೇ ಅಂದೆ. ಅವನು ತಲೆ ತಗ್ಗಿಸಿ ಹೇಳಿದ: ಒಂದನ್ನು ಕಚ್ಚಲು ನೋಡಿದೆ, ಆಗಲಿಲ್ಲ. ಒಂದನ್ನು ಅಪ್ಪ ಸುತ್ತಿಗೆಯಿಂದ ಒಡೆದ. ಇನ್ನೊಂದನ್ನು ಕ್ವಾರ್ಟರ್ಸಿನ ನಾಯಿಗೆ ಹಾಕಿದರೆ ಅದು ಉರುಳಿಸಿ ಆಡಿತು, ತಿನ್ನಲಿಲ್ಲ. ಆಂಟಿ ಪ್ರೀತಿಯಿಂದ ಕೊಟ್ಟದ್ದೆಂದು ಉಳಿದವನ್ನು ಅಮ್ಮ ಎಸೆಯಗೊಡಲಿಲ್ಲ.

ಮತ್ತೆ ಈ ಕಾಲೇಜಿಗೇ ಯಾಕೆ ಬಂದೆ ಎಂದರು ಅಧ್ಯಕ್ಷರು. ಆಗ ಹುಡುಗ ತಲೆಯೆತ್ತಿದ. ಇಲ್ಲಿಯ ಗೋಲ್‌ಕೀಪರ್ ಓದು ಮುಗಿಸಿ ಹೋಗಿದ್ದಾನೆ, ಮೊದಲ ಪಂದ್ಯದಿಂದಲೇ ಆಡಲು ಸಿಗುತ್ತದೆ. ದೂರು ಕೊಟ್ಟ ಕಾಲೇಜಿನಲ್ಲಿ ಒಬ್ಬ ಇದ್ದಾನೆ, ಎರಡು ವರ್ಷ ಬೆಂಚಿನ ಮೇಲೆ ಕೂಡಬೇಕು, ನನ್ನ ಹತ್ತಿರ ಇರುವುದು ಒಂದೇ ವರ್ಷ ಎಂದ. ಆಮೇಲೆ ಹೇಳಿದ:

"ಸರ್, ಅವರು ಮೋಟರ್ ಸೈಕಲ್ ಕೊಡುತ್ತೇವೆ ಅಂದಿದ್ದರು. ಅದನ್ನು ಬಿಟ್ಟು ಬಂದವನು ಈ ಲಾಡುವಿಗೆ ಬರುತ್ತೇನೆಯೇ?"

ಅಧ್ಯಕ್ಷರು ಮೋಟರ್ ಸೈಕಲ್ಲಿನ ವಿಷಯ ಬೇರೆಯಾಗಿ ವಿಚಾರಿಸುವುದಾಗಿ ಹೇಳಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡೇ ತೀರ್ಮಾನ ಕೊಟ್ಟರು. ಮನಸ್ಸನ್ನು ಸೆಳೆಯುವ ವಸ್ತುವಿಗೆ ಮಾತ್ರ ಆಮಿಷ ಎನ್ನಬಹುದು. ಸದರಿ ಸೀರೆ ಮತ್ತು ಸದರಿ ಉಂಡೆಗಳಲ್ಲಿ ಅಂಥ ಯಾವ ಗುಣವೂ ಸಮಿತಿಗೆ ಕಂಡುಬಂದಿಲ್ಲ. ಹುಡುಗ ಆಡಲು ಅಡ್ಡಿಯಿಲ್ಲ.

ದೀಪಕ್‌ನ ತಾಯಿ ನನ್ನನ್ನು ತಬ್ಬಿಕೊಂಡು ಅತ್ತಳು. ಅವಳ ವರ್ಷ ಉಳಿಯಿತು. ನಾನೂ ಅತ್ತೆ; ಅರ್ಧ ಅವಳ ಸಂತೋಷಕ್ಕೆ, ಅರ್ಧ ನನ್ನ ಉಂಡೆಗೆ.

ಎಲ್ಲರೂ ಹೋದ ಮೇಲೆ ಮನೆಯವರು ಜೇಬಿನಿಂದ ಕಪಾಟಿನ ಕೀಲಿ ತೆಗೆದು ನನ್ನ ಕೈಯಲ್ಲಿಟ್ಟರು. ಎಷ್ಟೋ ದಿನದ ಮೇಲೆ ಅವರು ನಕ್ಕಿದ್ದರು.

"ಇನ್ನ ಯಾರಿಗೆ ಬೇಕಾದ್ರೂ ಉಂಡಿ ಕೊಡು. ನಿಯಮದ ಅಡಚಣಿ ಏನೂ ಇಲ್ಲ," ಎಂದರು.

ಹೀಗೆ ಪುಣೆಯ ಆಟಗಾರರಿಗೆಲ್ಲ ಅಂಟಿನ ಉಂಡೆ ಹಂಚಲು ನನಗೆ ಮಂಡಳಿಯ ಅಪ್ಪಣೆ ಸಿಕ್ಕಿತು. ನಾನು ತಯಾರಿದ್ದೇನೆ. ಅಂದಿನಿಂದ ಒಬ್ಬನೂ ಕೈ ಚಾಚಿಲ್ಲ.