ಷಡ್ಡಕನ ಮಣೆ, ನನ್ನ ಮಿಷನ್ನು

ನಾನು ಸ್ವಭಾವತಃ ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಪಕ್ಕದ ಮನೆಯವರು ರೇಡಿಯೋ ತಂದಾಗ ಸಂತೋಷಪಟ್ಟೆ. ನಮ್ಮ ಶಾಲೆಯ ಲೆಕ್ಕದ ಮೇಷ್ಟ್ರಿಗೆ ಬಡ್ತಿ ಸಿಕ್ಕಾಗ ನಾನೇ ಹೋಗಿ ಹಾರ ಹಾಕಿದೆ. ನನ್ನ ಪಾಲಿನ ಹೊಟ್ಟೆಕಿಚ್ಚನ್ನು ಹೀಗೆ ಎಲ್ಲೆಲ್ಲೋ ದುಂದು ಮಾಡದೆ ಒಬ್ಬನೇ ವ್ಯಕ್ತಿಗಾಗಿ ಜೋಪಾನವಾಗಿ ಕೂಡಿಟ್ಟಿದ್ದೆ. ಅವನು ನನ್ನ ಷಡ್ಡಕ, ನಾಗರಾಜ.

ಗುಬ್ಬಿಯ ನಮ್ಮ ಮಾವನವರಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಶಾರದೆ, ಅಂದರೆ ನನ್ನ ಹೆಂಡತಿ. ಎರಡನೆಯವಳನ್ನು ಕುಣಿಗಲ್ಲಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ ನಾಗರಾಜನಿಗೆ ಕೊಟ್ಟಿದ್ದರು. ನಾನು ತುಮಕೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಳಿಯಂದಿರಿಬ್ಬರಿಗೂ ಮರಗೆಲಸದ ಹುಚ್ಚು, ಮಾವನವರಿಗೆ ಮರಗೆಲಸವನ್ನು ಪರೀಕ್ಷೆ ಮಾಡುವ ಹುಚ್ಚು. ಯಾವ ಮರದ ಸಾಮಾನು ಮುಂದಿಟ್ಟರೂ ಕಣ್ಣು ಮುಚ್ಚಿ, ಅಂಗೈಯಿಂದ ನಿಧಾನವಾಗಿ ಸವರಿ, ಚೆನ್ನಾಗಿದ್ದರೆ "ಹೂಂ" ಎನ್ನುವರು. ಚೆನ್ನಾಗಿಲ್ಲದಿದ್ದರೆ ಕೈ ಒರೆಸಿಕೊಳ್ಳುವರು.

ನಾಗರಾಜ ಮಾಡಿಕೊಟ್ಟ ಸ್ಟೂಲಿಗೆ ಅವರು "ಹೂಂ" ಎಂದು, ಬಂದವರಿಗೆಲ್ಲ ಕಾಣುವಂತೆ ಜಗುಲಿಯ ಮೇಲೆ ಇರಿಸಿದ್ದರು. ನಾನು ಮಾಡಿಕೊಟ್ಟ ಸ್ಟೂಲು ಹಿತ್ತಲಲ್ಲಿ ಬಾವಿಯ ಪಕ್ಕ ನಿಂತು ಒಗೆಯುವ ಬಟ್ಟೆಗಳನ್ನು ಹೊರುತ್ತಿತ್ತು. ಗುಬ್ಬಿಗೆ ಹೋದಾಗಲೆಲ್ಲ ಮೊದಲು ಜಗುಲಿ ನೋಡುತ್ತಿದ್ದೆ, ಆಮೇಲೆ ಕೈಕಾಲು ತೊಳೆಯುವ ನೆಪದಲ್ಲಿ ಹಿತ್ತಲು ನೋಡುತ್ತಿದ್ದೆ. ಅತ್ತೆಯವರು ಎಂಥ ಅಡುಗೆ ಮಾಡಿದ್ದರೂ ಆಮೇಲೆ ಒಳಗೆ ಇಳಿಯುತ್ತಿರಲಿಲ್ಲ.

ಹೀಗಿರುವಾಗ ನಾಗರಾಜ ಹಲಗೆ ಕೀಸುವ ಕರೆಂಟಿನ ಮಿಷನ್ ತಂದನೆಂಬ ಸುದ್ದಿಯನ್ನು ಶಾರದೆಯೇ ತವರಿನಿಂದ ಹೊತ್ತು ತಂದಳು.

"ಹಲಗೆ ಹಿಂಗೆ ಮೇಲಿಟ್ಟು ತಳ್ಳಿದ್ರೆ ಸಾಕಂತೆ ಕಣ್ರೀ, ಕನ್ನಡಿ ಥರ ಬರುತ್ತಂತೆ. ಅಪ್ಪ ಕುಣಿಗಲ್‌ಗೇ ಹೋಗಿ ನೋಡ್ಕೊಂಡು ಬಂದ್ರು" ಎಂದಳು.

"ಮಂಡಿ ನೋವು ಅಂತ ತುಮಕೂರಿಗೇ ಬರಲ್ಲ ನಿಮ್ಮಪ್ಪ."

"ಕುಣಿಗಲ್‌ಗೆ ಹೋದಾಗ ನೋಯಲಿಲ್ಲವಂತೆ."

ಆ ವಾರವೆಲ್ಲ ಅಂಥ ಮಿಷನ್ನು ಎಲ್ಲಿ ಸಿಗುತ್ತದೆಂದು ಕಂಡಕಂಡವರನ್ನೆಲ್ಲ ವಿಚಾರಿಸಿದೆ. ಬೆಂಗಳೂರಿನಲ್ಲಿ ಕುರ್ಚಿ ಮೇಜು ಮಾಡುವ ಕಾರ್ಖಾನೆಯೊಂದು ಮುಚ್ಚಿಹೋಗಿ ಸಾಮಾನು ಹರಾಜಾಗುತ್ತಿದೆ ಎಂದು ಯಾರೋ ಹೇಳಿದ್ದೇ ತಡ, ರಜ ಹಾಕಿ ಓಡಿದೆ. ನನ್ನ ಸೈಕಲ್ಲನ್ನೂ, ಎಮ್ಮೆ ಕಟ್ಟಬೇಕೆಂಬ ಶಾರದೆಯ ಬಹುದಿನದ ಆಸೆಯನ್ನೂ ಬಲಿಕೊಟ್ಟು ನಾನು ತಂದದ್ದು ಸಾಮಾನ್ಯ ಯಂತ್ರವಲ್ಲ. ನಾಗರಾಜನ ಮಿಷನ್ನು ಮಾಡುತ್ತಿದ್ದುದು ಒಂದೇ ಕೆಲಸ. ಸೊಟ್ಟ ಹಲಗೆಯನ್ನು ಅದರ ಮೇಲಿಟ್ಟು ತಳ್ಳಿದರೆ ಒಂದು ಮುಖ ಸಪಾಟಾಗಿ ಬರುತ್ತಿತ್ತು, ಅಷ್ಟೆ. ನನ್ನದು ಜೋಡಿ ಮಿಷನ್ನು! ಮೇಲೆ ತಳ್ಳಿದರೆ ಸಪಾಟು ಮಾಡುತ್ತದೆ. ಮೇಲಿನ ಮೇಜನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಿ ನಿಲ್ಲಿಸಿ, ಹಲಗೆಯನ್ನು ಕೆಳಗಿನ ಬಾಯಿಗೆ ಕೊಟ್ಟರೆ ಉರುಳೆಗಳು ತಾವೇ ಎಳೆದುಕೊಂಡು ಉದ್ದಕ್ಕೂ ಒಂದೇ ದಪ್ಪಕ್ಕೆ ಕೀಸಿ ಆ ಕಡೆ ಹಾಕುತ್ತವೆ.

ಎಮ್ಮೆಗೆಂದು ಕಾದಿರಿಸಿದ್ದ ಕೊಟ್ಟಿಗೆಯಲ್ಲಿ ಅದನ್ನು ಪ್ರತಿಷ್ಠಾಪಿಸಿದೆ. ಬಾಗಿಲಲ್ಲಿ ನುಗ್ಗದ ಕಾರಣ ಬಾಗಿಲನ್ನೇ ಕೀಳಿಸಬೇಕಾಯಿತು. ಶಾರದೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಿದ್ದಳು.

"ಎಮ್ಮೆ ಮಾಡೋದು ಒಂದೇ ಕೆಲಸ ಕಣೇ. ಇದು ಎರಡು ಮಾಡುತ್ತೆ" ಎಂದೆ.

"ಎಮ್ಮೆ ಹಾಲೂ ಕೊಡುತ್ತೆ, ಸಗಣೀನೂ ಹಾಕುತ್ತೆ. ಅದಕ್ಕೂ ಎರಡೇ."

ಮೊದಲ ದಿನ ಸ್ವಿಚ್ ಒತ್ತಿದಾಗ ಮಿಷನ್ನು ಗುಡುಗಿತು, ನಮ್ಮ ಬೀದಿಯ ದೀಪಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿ ತೆರೆದವು. ಪಕ್ಕದ ಮನೆಯ ರುದ್ರಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

"ಏನ್ ಮೇಷ್ಟ್ರೇ, ನೀವು ಅದ್ನ ಹಾಕುದ್ರೆ ನಮ್ಮನೆ ಲೈಟು ಸೀಮೆಎಣ್ಣೆ ಬುಡ್ಡಿ ಆಗೋಯ್ತದೆ. ನಮ್ಮೆಜಮಾನ್ರು ರೇಡಿಯೋ ಕೆಟ್ಟೋಯ್ತು ಅಂತ ಅದರ ತಲೆ ಮೇಲೆ ಗುದ್ದುತಾ ಕುಂತವ್ರೆ."

ಇಡೀ ಬೀದಿಯ ಕರೆಂಟು ಕುಡಿಯುವ ಯಂತ್ರ ನಾಗರಾಜನಲ್ಲಿ ಎಲ್ಲಿಂದ ಬರಬೇಕು ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಅಷ್ಟರಲ್ಲಿ ಕೊನೆಯ ನಾದಿನಿಗೆ ಮದುವೆ ಗೊತ್ತಾಯಿತು. ಮಾವನವರು ನಮ್ಮಿಬ್ಬರನ್ನೂ ಜಗುಲಿಯ ಮೇಲೆ ಕೂರಿಸಿಕೊಂಡು ತೀರ್ಪು ಕೊಟ್ಟರು.

"ಹಸೆಮಣೆ ಹೊರಗಡೆ ಮಾಡಿಸೋದು ಬೇಡ. ಗಂಡಿನ ಮಣೆ ನಾಗರಾಜು ಮಾಡ್ಲಿ. ಹೆಣ್ಣಿನ ಮಣೆ ದೊಡ್ಡಳಿಯಂದಿರು ಮಾಡ್ಲಿ. ಇಬ್ಬರ ಮನೇಲೂ ಮಿಷನ್ ಇದೆಯಲ್ಲ."

ಎರಡು ಮಣೆಗಳನ್ನೂ ಚಪ್ಪರದಡಿ ಅಕ್ಕಪಕ್ಕ ಇಡುತ್ತಾರೆ. ನೆಂಟರಿಷ್ಟರು, ಬೀಗರು ಎಲ್ಲರೂ ನೋಡುತ್ತಾರೆ. ಮಾವನವರು ಎರಡನ್ನೂ ಸವರುತ್ತಾರೆ. ನನ್ನದಕ್ಕೆ "ಹೂಂ" ಎನ್ನಬೇಕು, ಅದನ್ನು ಕೇಳಿ ನಾಗರಾಜನ ಮುಖ ಚಿಕ್ಕದಾಗಬೇಕು. ಅದರಲ್ಲೂ ಈ ಎರಡನೆಯದು ಆಗದೆ ಹೋದರೆ ಮೊದಲನೆಯದರಿಂದ ನನಗೆ ಏನೂ ಪ್ರಯೋಜನವಿರಲಿಲ್ಲ.

ಕಡಬದ ತೋಟವೊಂದರಲ್ಲಿ ಉರುಳಿದ್ದ ಹಲಸಿನ ಮರದ ಹಲಗೆಗಳನ್ನು ಗಾಡಿಯ ಮೇಲೆ ತರಿಸಿದೆ. ಅದೇ ಭಾನುವಾರ ನಾಗರಾಜ ಮಿಷನ್ ನೋಡಲು ಬಂದ. ಇವನ ಹೊಟ್ಟೆ ಉರಿಯುವುದನ್ನು ಕಣ್ಣಾರೆ ನೋಡೋಣವೆಂದು ನಾನು ಕೊಟ್ಟಿಗೆಯಲ್ಲಿ ಅವನ ಎದುರಿಗೇ ನಿಂತೆ. ಅವನು ಮಿಷನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ಕೈ ಹಿಡಿದು ಕುಲುಕಿದ.

"ಬಲೇ ಮಿಷನ್ನು ಕಣಣ್ಣ. ನಂದೇನಿದ್ರೂ ಇದರಲ್ಲಿ ಅರ್ಧ. ನನಗಂತೂ ತುಂಬಾ ಖುಷಿಯಾಯ್ತು."

ಮುಖವನ್ನು ಎಷ್ಟು ಹುಡುಕಿದರೂ ಖುಷಿಯ ಹೊರತು ಏನೂ ಸಿಗಲಿಲ್ಲ. ಇದಕ್ಕಿಂತ ಅವಮಾನ ಬೇರೆ ಇದೆಯೇ? ಸೈಕಲ್ ಮಾರಿ, ಬಾಗಿಲು ಕೀಳಿಸಿ, ಬೀದಿಯವರನ್ನೆಲ್ಲ ಎದುರು ಹಾಕಿಕೊಂಡು ನಾನು ತಂದ ಯಂತ್ರವನ್ನು ನೋಡಿ ಈತ ಸಂತೋಷಪಡುವುದೆಂದರೇನು? ಹೊರಡುವಾಗ ಇನ್ನೊಂದು ಮಾತು ಸೇರಿಸಿದ.

"ಒಂದೇ ಜ್ಞಾಪಕ ಇಟ್ಕೊಳ್ಳಿ ಅಣ್ಣ. ಹಲಗೆ ಮೊದಲು ಮೇಲೆ ಸಪಾಟು ಮಾಡ್ಕೊಂಡು ಆಮೇಲೆ ಕೆಳಗೆ ಬಿಡಿ. ನೇರವಾಗಿ ಕೆಳಗೆ ಬಿಟ್ರೆ ಸೊಟ್ಟ ಹಂಗೇ ಉಳ್ಕೊಳುತ್ತೆ."

ಅರ್ಧ ಮಿಷನ್ನಿನವನು ಪೂರ್ತಿ ಮಿಷನ್ನಿನವನಿಗೆ ಪಾಠ ಹೇಳಿಕೊಟ್ಟು ಬಸ್ಸು ಹತ್ತಿದ. ಅವನ ಬಸ್ಸು ಕುಣಿಗಲ್ ರಸ್ತೆಗೆ ತಿರುಗುವ ಮೊದಲೇ ನಾನು ಹಲಗೆಯನ್ನು ನೇರವಾಗಿ ಕೆಳಗೆ ಬಿಟ್ಟೆ.

ಉರುಳೆಗಳು ಗಬಕ್ಕನೆ ಹಿಡಿದು ಎಳೆದುಕೊಂಡವು. ಆ ಕಡೆಯಿಂದ ಹಲಗೆ ಅರಿಸಿನ ಬಳಿದ ಹಾಗೆ ನುಣ್ಣಗೆ, ಹಳದಿಯಾಗಿ ಹೊರಬಂತು. ನೆಲದ ಮೇಲಿಟ್ಟು ಶಾರದೆಯನ್ನು ಕರೆದು ಕೂರಿಸಿದೆ. ಅವಳು ಆ ಕಡೆ ವಾಲಿದಳು, ಈ ಕಡೆ ವಾಲಿದಳು.

"ಇದೇನ್ರೀ, ಹಸೆಮಣೆ ಅಂದ್ರಿ, ತೊಟ್ಟಿಲು ಮಾಡಿದೀರಿ. ಅಷ್ಟು ಅವಸರ ಯಾಕೆ?"

"ಇನ್ನೊಂದು ಸಲ ಬಿಟ್ರೆ ಸರಿಹೋಗುತ್ತೆ."

"ನಾಗರಾಜು ಏನೋ ಮೇಲೆ, ಕೆಳಗೆ ಅಂತಿದ್ರಲ್ಲ?"

"ಅವನ ಮಿಷನ್ನಿಗೆ ಕೆಳಗೇ ಇಲ್ಲ. ಕೆಳಗಿನ ವಿಷಯ ಅವನಿಗೇನು ಗೊತ್ತು?"

ಇನ್ನೊಂದು ಸಲ ಬಿಟ್ಟೆ. ಮಗುಚಿ ಬಿಟ್ಟೆ. ಮುಂದುಹಿಂದು ಮಾಡಿ ಬಿಟ್ಟೆ. ಪ್ರತಿಸಲವೂ ಹಲಗೆ ಮತ್ತಷ್ಟು ನುಣುಪಾಗಿ, ಮತ್ತಷ್ಟು ತೆಳ್ಳಗಾಗಿ, ಅದೇ ಸೊಟ್ಟವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂತು. ಕೊನೆಗೆ ಅದು ಹುಡುಗರು ಪರೀಕ್ಷೆಗೆ ತರುವ ರಟ್ಟಿನಷ್ಟಾದಾಗ ಶಾರದೆಯನ್ನು ಮತ್ತೆ ಕೂರಿಸಿದೆ. ಚಟ್ ಎಂದು ಎರಡು ಹೋಳಾಯಿತು. ಅವಳು ಎದ್ದು ಸೀರೆ ಕೊಡವಿಕೊಂಡು, "ಇದರಲ್ಲಿ ನಂದೇನೂ ತಪ್ಪಿಲ್ಲ" ಎಂದಳು.

ಎರಡನೆಯ ಹಲಗೆಗೂ ಇದೇ ಗತಿಯಾಯಿತು. ಈಗಲಾದರೂ ಮೇಲಿನಿಂದ ಶುರು ಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ನಾಗರಾಜ ಹೇಳಿದಂತೆ ಮಾಡಿದ ಹಾಗಾಗುತ್ತಿತ್ತು. ಕಣ್ಣು ಮುಚ್ಚಿದರೆ ಅವನ ಮಣೆ ಕಾಣುತ್ತಿತ್ತು, ಮಾವನವರ ಅಂಗೈ ಅದರ ಮೇಲೆ ಹರಿದಾಡುವುದು ಕಾಣುತ್ತಿತ್ತು. ಆ ಉರಿಯಲ್ಲಿ ಎದ್ದು ಹೋಗಿ ಇನ್ನೊಂದು ಹಲಗೆಯನ್ನು ಕೆಳಗೆ ಬಿಡುತ್ತಿದ್ದೆ. ಕೊಟ್ಟಿಗೆಯಲ್ಲಿ ಕೀಸಿದ ಸಿಪ್ಪೆ ಮಂಡಿಯವರೆಗೆ ಬಂತು. ಶಾರದೆ ಅದನ್ನು ಗೋಣಿಚೀಲಗಳಿಗೆ ತುಂಬಿ ಕಟ್ಟುತ್ತಿದ್ದಳು. ಯಾಕೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಉಳಿದ ಕೊನೆಯ ಹಲಗೆ ಒಡೆಯುವಷ್ಟು ತೆಳ್ಳಗಾಗುವ ಮುನ್ನ ನಿಲ್ಲಿಸಿದೆ. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ಮಾತ್ರ ನೆಲ ಮುಟ್ಟಲು ಒಪ್ಪುತ್ತಿರಲಿಲ್ಲ. ಡ್ರಾಯಿಂಗ್ ಮೇಷ್ಟ್ರು ತಾನೇ, ಅದರ ಮೇಲೆ ಒಂದು ಜೊತೆ ನವಿಲು, ಸುತ್ತ ಬಳ್ಳಿ ಬರೆದೆ. ನವಿಲು ನೋಡುವವರು ಮೂಲೆ ನೋಡುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಮದುವೆಗೆ ಹೊರಟಾಗ ಗುಬ್ಬಿ ಬಸ್ಸಿನ ಮೇಲೆ ನಮ್ಮ ಟ್ರಂಕಿನ ಪಕ್ಕ ಗೋಣಿಚೀಲಗಳೂ ಏರಿದವು. ನಾನು ಗಾಬರಿಯಾದೆ.

"ಆ ದರಿದ್ರ ಯಾಕೇ ಅಲ್ಲಿಗೆ?"

"ಮದುವೆ ಮನೇಲಿ ನೀರು ಕಾಯಿಸೋಕೆ ಬೇಡ್ವಾ? ಅಮ್ಮ ಸೌದೆ ಹಸೀದು ಅಂತಿದ್ರು."

ನನ್ನ ಸೋಲನ್ನು ಮೂಟೆ ಕಟ್ಟಿ ತವರಿಗೆ ಸಾಗಿಸುತ್ತಿದ್ದಾಳೆ ಎಂದುಕೊಂಡು ಗುಬ್ಬಿಯವರೆಗೂ ಕಿಟಕಿಯ ಆಚೆ ನೋಡುತ್ತ ಕೂತೆ.

ಮದುವೆಯ ಬೆಳಿಗ್ಗೆ ಚಪ್ಪರದಡಿ ಎರಡು ಮಣೆಗಳನ್ನು ಅಕ್ಕಪಕ್ಕ ಇಟ್ಟರು. ನಾಗರಾಜನದು ಕಲ್ಲಿನ ಹಾಗೆ ಕೂತಿತು. ನನ್ನದು ಟಕ್ ಎಂದಿತು. ಮಾವನವರು ಅವನ ಮಣೆ ಸವರಿ "ಹೂಂ" ಎಂದರು. ನನ್ನದನ್ನು ಸವರಿದರು. ನುಣುಪಿಗೆ ಹುಬ್ಬು ಸ್ವಲ್ಪ ಮೇಲೇರಿತು. ನನಗೆ ಜೀವ ಬಂತು. ಆಮೇಲೆ ಒಂದು ಬೆರಳಿನಿಂದ ಮೂಲೆಯನ್ನು ಒತ್ತಿದರು. ಟಕ್. ಬಿಟ್ಟರು. ಟಕ್.

"ಎಲ್ಲಿಯ ಮರ ಅಳಿಯಂದಿರೇ ಇದು?"

"ಕಡಬದ್ದು ಮಾವ."

"ಅದಕ್ಕೇ ಒಂದು ಮೂಲೆ ಎತ್ಕೊಂಡು ತನ್ನೂರಿನ ಕಡೆ ನೋಡ್ತಾ ಇದೆ" ಎಂದು ಕೈ ಒರೆಸಿಕೊಂಡರು.

ನಾಗರಾಜ ಸದ್ದಿಲ್ಲದೆ ಒಳಗೆ ಹೋಗಿ, ಪಂಚೆಯಲ್ಲಿ ಸುತ್ತಿದ್ದ ಇನ್ನೊಂದು ಮಣೆ ತಂದ. ಮೊದಲನೆಯದರ ಅವಳಿಯೇ. "ಯಾವುದಕ್ಕೂ ಇರಲಿ ಅಂತ ಜೋಡಿ ಮಾಡ್ಕೊಂಡು ಬಂದಿದ್ದೆ ಅಣ್ಣ. ತಪ್ಪು ತಿಳ್ಕೋಬೇಡಿ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನು ಜಂಬ ಕೊಚ್ಚಿದ್ದರೂ ತಡೆದುಕೊಳ್ಳುತ್ತಿದ್ದೆ. ಗಂಡೂ ಹೆಣ್ಣೂ ಅವನ ಮಣೆಗಳ ಮೇಲೆ ಕೂತು ಮದುವೆಯಾದರು. ನನ್ನ ನವಿಲುಗಳು ಉಗ್ರಾಣದಲ್ಲಿ ತೆಂಗಿನಕಾಯಿ ರಾಶಿಯ ಕೆಳಗೆ ಸೇರಿದವು.

ಊಟದ ಪಂಕ್ತಿಯಲ್ಲಿ ನಾನು ತಲೆ ಎತ್ತದೆ ಕೂತಿದ್ದೆ. ಗಂಡಿನ ತಂದೆ, ಭಾರೀ ಆಳು, ಎಲೆಯ ಮುಂದೆ ಕೂತವರು ಮಾವನವರನ್ನು ಕೂಗಿ ಕರೆದರು.

"ಬೀಗ್ರೇ, ಎಷ್ಟೋ ಮದುವೆ ನೋಡಿದೀನಿ. ಬೆಳಿಗ್ಗೆ ಇಂಥ ಬಿಸಿನೀರು ಎಲ್ಲೂ ಹಾಕಿಸ್ಕೊಂಡಿಲ್ಲ. ನಮ್ಮ ಕಡೆಯೋರೆಲ್ಲ ಅದೇ ಮಾತು. ಹಂಡೆಗೆ ಏನು ಉರಿ ಹಾಕಿದ್ರಿ?"

ಮಾವನವರ ಮುಖ ಅರಳಿತು. ಪಂಕ್ತಿ ದಾಟಿ ಬಂದು, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೊದಲ ಸಲ, ನನ್ನ ಭುಜದ ಮೇಲೆ ಕೈಯಿಟ್ಟರು.

"ಇವರೇ ನಮ್ಮ ದೊಡ್ಡಳಿಯಂದಿರು. ಇವರ ಮನೇಲಿ ದೊಡ್ಡ ಮಿಷನ್ ಇದೆ. ಮರಕ್ಕೆ ಮರವನ್ನೇ ಸಿಪ್ಪೆ ಮಾಡಿ ಕಳಿಸಿದ್ರು. ಕಡ್ಡಿ ಗೀರಿದ್ರೆ ಸಾಕು, ಭಗ್ ಅಂತ ಹತ್ಕೊಳುತ್ತೆ. ಹೂಂ!"

ಪಂಕ್ತಿಗೆ ಪಂಕ್ತಿಯೇ ನನ್ನ ಕಡೆ ತಿರುಗಿತು. ನಾನು ನೋಡಿದ್ದು ಮಾತ್ರ ನಾಗರಾಜನನ್ನು. ಪಾಯಸದ ಸೌಟು ಹಿಡಿದು ನಿಂತಿದ್ದವನ ಮುಖ ಎಷ್ಟೋ ವರ್ಷಗಳಿಂದ ನಾನು ಕಾಯುತ್ತಿದ್ದ ಹಾಗೆಯೇ ಚಿಕ್ಕದಾಯಿತು. ನನಗೆ ಬಡಿಸಲು ಬಂದಾಗ ಬಗ್ಗಿ, ಮೆಲ್ಲಗೆ ಕೇಳಿದ.

"ಅಣ್ಣ, ಎರಡು ಮಣೆ ಮಾಡಿದ್ರೂ ನನಗೆ ಒಂದು ಮಂಕರಿ ಸಿಪ್ಪೆ ಬರಲಿಲ್ಲ. ನಿಮಗೆ ಅಷ್ಟೊಂದು ಹೆಂಗೆ ಬಂತು?"

ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ, ಉತ್ತರ ಹೇಳಲಿಲ್ಲ. ಹೇಳಿದರೆ ಅವನೂ ಕಲಿತುಬಿಡುತ್ತಾನೆ.